ಮೆಟ್ಟಿಲ ಬುಡದಲ್ಲಿ ಕುಳಿತವರು

ಬಾದಾಮಿಯ ಗುಹಾಲಯಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಎರಡು ವರ್ಗಗಳುಂಟು. ಕೆಂಪು ಮರಳುಗಲ್ಲಿನ ಬೆಟ್ಟದ ಮೆಟ್ಟಿಲುಗಳನ್ನೇರಿ, ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳುಗಳ ನಟರಾಜನನ್ನು ಕಂಡು, ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನದ ಮುಂದೆ ನಿಂತು, ಕೊನೆಯ ಜೈನ ಗುಹೆಯಿಂದ ಅಗಸ್ತ್ಯತೀರ್ಥದ ಹಸಿರು ನೀರನ್ನು ಕಣ್ತುಂಬಿಸಿಕೊಂಡು ಇಳಿಯುವವರು ಒಂದು ವರ್ಗ. ಅವರ ಚೀಲ, ನೀರಿನ ಸೀಸೆ, ತಿಂಡಿಯ ಪೊಟ್ಟಣಗಳನ್ನು ಮಡಿಲಲ್ಲಿಟ್ಟುಕೊಂಡು, ಕೋತಿಗಳ ಕಣ್ಣು ತಪ್ಪಿಸಿ ಕಾಯುತ್ತ ಮೆಟ್ಟಿಲ ಬುಡದ ನೆರಳಿನಲ್ಲಿ ಕುಳಿತಿರುವವರು ಇನ್ನೊಂದು ವರ್ಗ. ಚಾಲುಕ್ಯರ ಶಿಲ್ಪವೈಭವವನ್ನು ಕುರಿತ ಬರಹಗಳಲ್ಲಿ ಈ ಎರಡನೆಯವರಿಗೆ ಸ್ಥಳ ದೊರೆಯುವುದು ಅಪರೂಪ.

ಒಂದು ಪುಷ್ಯಮಾಸದ ಬೆಳಿಗ್ಗೆ ಹಾಗೆ ಕುಳಿತಿದ್ದವರಲ್ಲಿ ಬೆಂಗಳೂರಿನಿಂದ ಬಂದ ಗೃಹಿಣಿಯೊಬ್ಬರಿದ್ದರು. ವಯಸ್ಸು 52, ತೂಕ 82 ಕಿಲೋ. ಎರಡೂ ಮೊಣಕಾಲುಗಳ ಕೀಲು ಸವೆಯತೊಡಗಿ ನಾಲ್ಕು ವರ್ಷಗಳಾಗಿದ್ದವು. ಪತಿ ಬಾಗಲಕೋಟೆಯವರು, ಹುಟ್ಟೂರಿನ ಸೀಮೆಯನ್ನು ಮಗಳಿಗೆ ತೋರಿಸುವ ಹಂಬಲದಿಂದ ಕಾರು ಹೂಡಿಕೊಂಡು ಬಂದಿದ್ದರು. ಅಪ್ಪ ಮಗಳು ಮೆಟ್ಟಿಲೇರಿ ಮರೆಯಾದರು. ತಾಯಿ ಎರಡನೆಯ ಮೆಟ್ಟಿಲಿಗೇ ಸೋತು ಕುಳಿತರು.

ವೈದ್ಯರು ಹೇಳಿದ್ದ ಮಾತು ಸರಳವಾಗಿತ್ತು: ತೂಕ ಇಳಿಸಬೇಕು, ದಿನಕ್ಕೆ ಒಂದು ಗಂಟೆ ನಡೆಯಬೇಕು. ನಡೆದರೆ ನೋವು ಕೆರಳುತ್ತಿತ್ತು. ನೋವು ಕೆರಳಿದರೆ ನಾಲ್ಕು ದಿನ ಹಾಸಿಗೆ. ಹಾಸಿಗೆ ಹಿಡಿದರೆ ತೂಕ ಏರುತ್ತಿತ್ತು. ತೂಕ ಏರಿದರೆ ಮತ್ತೆ ನೋವು. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತಿದ್ದು, ದಾರಿ ಮಾತ್ರ ಸಾಗಲಿಲ್ಲ. ನೆರೆಯವರು, “ಸ್ವಲ್ಪ ಮನಸ್ಸು ಗಟ್ಟಿ ಮಾಡಿ ವಾಕಿಂಗ್ ಹೋಗ್ರೀ,” ಎನ್ನುತ್ತಿದ್ದರು. ಆ ಮಾತಿನಲ್ಲಿ ಕಾಳಜಿ ಇತ್ತು. ಕಾಳಜಿಯ ಒಳಗೆ, ನಿಮ್ಮ ಸೋಮಾರಿತನವೇ ಇದಕ್ಕೆ ಕಾರಣ ಎಂಬ ಮುಳ್ಳೂ ಇತ್ತು.

ಕೆಳಗಿಳಿದು ಬಂದ ಮಗಳು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಗುಹೆಗಳ ಜಗತಿಯ ಉದ್ದಕ್ಕೂ ಸಾಲಾಗಿ ಕೆತ್ತಿರುವ ಗುಜ್ಜು ಗಣಗಳು, ಗುಂಡು ಹೊಟ್ಟೆ, ಮೋಟು ಕಾಲು, ಒಬ್ಬೊಬ್ಬನದು ಒಂದೊಂದು ಭಂಗಿ. “ನೋಡಮ್ಮ, ಎಷ್ಟು ಮುದ್ದಾಗಿದ್ದಾರೆ, ಎಲ್ಲ ನಿನ್ನ ಥರಾನೇ!” ಎಂದು ನಕ್ಕಳು. ತಾಯಿಯೂ ನಕ್ಕರು. ಕಾರಿನಲ್ಲಿ ಕುಳಿತ ಮೇಲೆ ಬಹಳ ಹೊತ್ತು ಅವರು ಮಾತನಾಡಲಿಲ್ಲ.

ಬನಶಂಕರಿಯ ಬುತ್ತಿ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ಗುಡಿ. ಪುಷ್ಯ ಹುಣ್ಣಿಮೆಯ ತೇರಿಗೆ ಸುತ್ತಲ ಸೀಮೆಯೆಲ್ಲ ನೆರೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಹರಿದ್ರಾತೀರ್ಥದ ಕಲ್ಲಿನ ಮಂಟಪಸಾಲು ನೀರಿನಲ್ಲಿ ನೆರಳು ಚೆಲ್ಲಿ ನಿಂತಿರುತ್ತದೆ. ಈ ದೇವಿಗೆ ಶಾಕಂಭರಿ ಎಂದೂ ಹೆಸರು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆಗಳನ್ನು ಬೆಳೆದು ಲೋಕವನ್ನು ಸಲಹಿದವಳು ಎಂಬುದು ಪುರಾಣ. ಜಾತ್ರೆಯ ದಿನಗಳಲ್ಲಿ ಪಲ್ಯದ ಹಬ್ಬವೆಂದು 108 ಬಗೆಯ ಕಾಯಿಪಲ್ಲೆಯ ಅಡಿಗೆಗಳನ್ನು ಅವಳಿಗೆ ನೈವೇದ್ಯ ಮಾಡುವ ವಾಡಿಕೆಯಿದೆ. ಸೊಪ್ಪು ತರಕಾರಿಗೆ ಇಷ್ಟು ಗೌರವ ಸಲ್ಲಿಸುವ ಊರು ಬೇರೆಡೆ ಸುಲಭವಾಗಿ ಸಿಗಲಾರದು.

ಗುಡಿಯ ಬಳಿ, ಸುತ್ತಲ ಹಳ್ಳಿಗಳ ಹೆಂಗಸರು ಬುಟ್ಟಿಗಳನ್ನಿಳಿಸಿ ಕುಳಿತಿದ್ದರು. ಜೋಳದ ರೊಟ್ಟಿ, ಎಣಗಾಯಿ, ಮಡಿಕೆಕಾಳಿನ ಪಲ್ಯ, ಕೆಂಪು ಖಾರ, ಪುಟ್ಟ ಗಡಿಗೆಗಳಲ್ಲಿ ಕತ್ತರಿಸಿದರೆ ಹೋಳಾಗುವಷ್ಟು ಗಟ್ಟಿ ಮೊಸರು. ತಾಯಿ ಕಷ್ಟಪಟ್ಟು ಕಟ್ಟೆಯ ಮೇಲೆ ಕುಳಿತುದನ್ನು ಬುಟ್ಟಿಯ ಮುದುಕಿಯೊಬ್ಬಳು ಕಂಡಳು.

“ಯಾಕ್ರಿ ಯವ್ವಾ, ಮೊಣಕಾಲ ನೂಸ್ತಾವೇನ್ರಿ? ನನ್ನೂ ಹಂಗ ಅದಾವ. ಗಾಡಿ ಮ್ಯಾಲ ತಂದ ಕುಂಡ್ರಸ್ತಾರ, ಸಂಜಿಗೆ ಎಬ್ಬಿಸಿಕೊಂಡ ಹೋಗ್ತಾರ.”

ಮುದುಕಿಯ ಮೈ ಮಾತ್ರ ಹಗುರವಾಗಿತ್ತು. ನಡೆಯಲಾರದೆ ಇದ್ದರೂ ಮೈ ಬರಲಿಲ್ಲವೇ ಎಂದು ತಾಯಿ ಸಂಕೋಚದಿಂದಲೇ ಕೇಳಿದರು.

“ಹೊಲದಾಗ ದುಡಿಯೂ ಮುಂದ ಹೊತ್ತಿಗೆ ನಾಕ ರೊಟ್ಟಿ ತಿಂತಿದ್ನಿರಿ. ಕಾಲ ಹ್ವಾದಮ್ಯಾಲ ಕುಂತ ಮಾಡೂ ಕೆಲಸಕ್ಕ ನಾಕ ರೊಟ್ಟಿ ಯಾಕ ಬೇಕ್ರಿ? ಎರಡು ಸಾಕು. ಹಿಡಿ ತುಂಬ ಕಾಳು, ಗಂಗಾಳದ ತುಂಬ ಪಲ್ಲೆ. ಹೊಟ್ಟಿ ತುಂಬತೈತಿ, ಮೈ ಬರಂಗಿಲ್ಲ.”

ಇದರಲ್ಲಿ ಗುಟ್ಟೇನೂ ಇರಲಿಲ್ಲ. ಆದರೆ ನಾಲ್ಕು ವರ್ಷಗಳಿಂದ ಕೇಳಿದ ನೂರು ಸಲಹೆಗಳಲ್ಲಿ, ಕಾಲನ್ನು ಬಿಟ್ಟು ಗಂಗಾಳದಿಂದ ಆರಂಭವಾದ ಮಾತು ಇದೇ ಮೊದಲನೆಯದಾಗಿತ್ತು.

ಮುಳುಗಿದ ಊರು, ಕಟ್ಟಿದ ಊರು

ಬಾಗಲಕೋಟೆ 1997ರಲ್ಲಿ ಅಂದಿನ ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾಯಿತು. ಆದರೆ ಆ ಊರಿನ ಜನ ಕಾಲವನ್ನು ಅಳೆಯುವುದು ಮುಳುಗಡೆಯಿಂದ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೇರಿ ಹಳೆಯ ಊರಿನ ತಗ್ಗಿನ ಓಣಿಗಳನ್ನು ನುಂಗಿತು. ಅಲ್ಲಿನವರಿಗಾಗಿ ಎತ್ತರದ ನೆಲದಲ್ಲಿ ನವನಗರ ಎದ್ದಿತು: ಅಗಲವಾದ ರಸ್ತೆಗಳು, ಹೆಸರಿನ ಬದಲು ಸಂಖ್ಯೆ ಹೊತ್ತ ಸೆಕ್ಟರುಗಳು. ಪತಿ ಹಿನ್ನೀರಿನ ಅಂಚಿನಲ್ಲಿ ನಿಂತು ತಮ್ಮ ಹಳೆಯ ಮನೆಯಿದ್ದ ದಿಕ್ಕನ್ನು ಮಗಳಿಗೆ ಕೈತೋರಿಸಿದರು. ತೋರಿಸಲು ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ಆ ರಾತ್ರಿ ನವನಗರದಲ್ಲಿ ನಾದಿನಿಯ ಮನೆಯಲ್ಲಿ ಬಿಡಾರ. “ವೈನಿ, ಇನ್ನೊಂದು ಹೋಳಿಗಿ ಹಾಕಸ್ಕೋರಿ,” ಎಂದು ನಾದಿನಿಯ ಉಪಚಾರ. ನಾದಿನಿಯ ಮಗಳು ಫಿಜಿಯೋಥೆರಪಿ ಓದಿ ರೋಗಿಗಳಿಗೆ ಅಂಗಸಾಧನೆ ಮಾಡಿಸುವವಳು. ಊಟವಾದ ಮೇಲೆ ಅವಳು ಸೋದರತ್ತೆಯ ಕಾಲ ಬಳಿ ಕುಳಿತು ಕೀಲುಗಳನ್ನು ಒತ್ತಿ ನೋಡಿ ಹೇಳಿದಳು: “ಅತ್ತೀ, ನಡೀರಿ ಅಂದವರು ತಪ್ಪು ಹೇಳಿಲ್ಲ. ಅರ್ಧ ಹೇಳ್ಯಾರ.”

ಉಳಿದರ್ಧವನ್ನು ಅವಳು ಲೆಕ್ಕ ಹಾಕಿ ತೋರಿಸಿದಳು. ಸಾಧಾರಣ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 100ರಿಂದ 130 ಕ್ಯಾಲೊರಿ. ಒಗ್ಗರಣೆಗೆ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿರುವುದೂ ಸುಮಾರು 120. ನೋವು ನುಂಗಿ ಅರ್ಧ ಗಂಟೆ ನಡೆದು ಗಳಿಸಿದ್ದನ್ನು ಒಂದು ಚಮಚ ಎಣ್ಣೆ ಅಳಿಸಿಹಾಕಬಲ್ಲದು. ಆ ಒಂದು ಚಮಚವನ್ನು ಬಿಟ್ಟವರು ಕುಳಿತಲ್ಲೇ ಅಷ್ಟನ್ನು ಗಳಿಸಬಲ್ಲರು. ಅಮೆರಿಕದ ಉತ್ತರ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಮೊಣಕಾಲಿನ ಕೀಲು ಸವೆದ, 55 ವರ್ಷ ದಾಟಿದ 454 ಮಂದಿ ಸ್ಥೂಲಕಾಯದವರನ್ನು 18 ತಿಂಗಳು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮವನ್ನಷ್ಟೇ ಮಾಡಿದವರ ತೂಕ ಸರಾಸರಿ 2 ಕಿಲೋ ಕೂಡ ಇಳಿಯಲಿಲ್ಲ. ಆಹಾರವನ್ನಷ್ಟೇ ತಗ್ಗಿಸಿದವರದು ಸುಮಾರು 9 ಕಿಲೋ ಇಳಿಯಿತು. ಎರಡನ್ನೂ ಹಿಡಿದವರದು 10 ಕಿಲೋ ಮೀರಿತು, ನೋವು ತಗ್ಗಿದ್ದೂ ಅವರಲ್ಲೇ ಹೆಚ್ಚು. ಎಂದರೆ ತೂಕವನ್ನು ಇಳಿಸುವ ಭಾರ ಬಹುಮಟ್ಟಿಗೆ ತಟ್ಟೆಯದು; ವ್ಯಾಯಾಮದ ಕೆಲಸ ಕೀಲನ್ನು ಕಾಯುವುದು, ಸ್ನಾಯುವನ್ನು ಉಳಿಸುವುದು. ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಹೊರೆ ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂಬ ಮಾತನ್ನು ಕೇಳಿದಾಗ ತಾಯಿಯ ಮುಖದಲ್ಲಿ ಮೊದಲ ಬಾರಿ ಆಸೆ ಕಾಣಿಸಿತು.

ಜೋಳವೆಂದರೆ ಮಂತ್ರವೆಂದೂ ತಿಳಿಯಬಾರದೆಂದು ಆ ಹುಡುಗಿ ಎಚ್ಚರಿಸಿದಳು. ತೂಕಕ್ಕೆ ತೂಕ ಹಿಡಿದರೆ ಜೋಳದ ಹಿಟ್ಟಿನ ಕ್ಯಾಲೊರಿ ಅಕ್ಕಿಯದಕ್ಕಿಂತ ಬಹಳ ಕಡಿಮೆಯೇನಲ್ಲ. ಅದರಲ್ಲಿ ನಾರು ಹೆಚ್ಚು, ಅಗಿಯಲು ಹೊತ್ತು ಹಿಡಿಯುತ್ತದೆ, ಜೊತೆಗೆ ಕಾಳು ಪಲ್ಯವನ್ನು ಬೇಡುತ್ತದೆ, ಲಾಭವಿರುವುದು ಅಲ್ಲಿ. ಹೆಸರು, ಮಡಿಕೆ, ಕಡಲೆ, ಮೊಸರು, ಮಜ್ಜಿಗೆಗಳನ್ನು ಮಾತ್ರ ಬಿಡಬಾರದು. ಸಸಾರಜನಕವಿಲ್ಲದೆ ಉಪವಾಸ ಹೂಡಿದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗಿ ಕಾಲು ಇನ್ನಷ್ಟು ಸೋಲುತ್ತದೆ. ಇನ್ನು ಈ ಸೀಮೆಯ ಶೇಂಗಾಹಿಂಡಿ ರುಚಿಯಾದದ್ದೇ, ಆದರೆ 100 ಗ್ರಾಂ ಶೇಂಗಾದಲ್ಲಿ 500ಕ್ಕೂ ಮಿಕ್ಕಿದ ಕ್ಯಾಲೊರಿಗಳಿವೆ. ಅದನ್ನು ಪಲ್ಯದಂತೆ ಅಲ್ಲ, ಉಪ್ಪಿನಕಾಯಿಯಂತೆ ಬಡಿಸಿಕೊಳ್ಳಬೇಕು.

ಬಳಿಕ ಕುರ್ಚಿಯ ಪಾಠ. ಕುರ್ಚಿಯಲ್ಲಿ ನೇರವಾಗಿ ಕುಳಿತು ಒಂದು ಕಾಲನ್ನು ಮುಂದಕ್ಕೆ ಚಾಚಿ, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸಿ ಇಳಿಸುವುದು. ಹೀಗೆ ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಮಲಗಿದಾಗ ಮೊಣಕಾಲಿನ ಕೆಳಗೆ ಟವೆಲಿನ ಸುರುಳಿ ಇಟ್ಟು ಒತ್ತುವುದು. ನೀರು ತುಂಬಿದ ಅರ್ಧ ಲೀಟರ್ ಸೀಸೆಗಳನ್ನು ಕೈಯಲ್ಲಿ ಹಿಡಿದು ಭುಜದವರೆಗೆ ಎತ್ತುವುದು. ಪೋಲಿಯೊದಿಂದ ಕಾಲು ಬಲಗುಂದಿದವರೂ ಗಾಲಿಕುರ್ಚಿಯಲ್ಲಿರುವವರೂ ತಮ್ಮ ಮೈಗೆ ಹೊಂದುವಷ್ಟು ತೋಳಿನ ಸಾಧನೆ ಮಾಡಬಹುದು, ಭುಜದ ಕೀಲನ್ನು ದಣಿಸದಷ್ಟು ಮಾತ್ರ. ಸಾಧನೆಯ ನೋವು ಮರುದಿನವೂ ಉಳಿದರೆ ಎಣಿಕೆಯನ್ನು ಇಳಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು; ಔಷಧದ ಪ್ರಮಾಣವನ್ನೂ ಅದರೊಂದಿಗೆ ಹೊಂದಿಸಬೇಕಾಗುತ್ತದೆ. ನೋವಿನ ಮಾತ್ರೆಗಳನ್ನು ತಾವಾಗಿ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ.

“ಸವೆದ ಕೀಲು ಮೊದಲಿನಂಗ ಆಗತೈತೇನವಾ?” ಎಂದು ಪಕ್ಕದಲ್ಲಿದ್ದ ಪತಿ ಕೇಳಿದರು. ಆಗುವುದಿಲ್ಲವೆಂದು ಹುಡುಗಿ ತಲೆಯಾಡಿಸಿದಳು. ಅವರು ಮತ್ತೆ ಕೇಳಲಿಲ್ಲ. ಮುಳುಗಿದ ಓಣಿ ಮೇಲೆ ಬರುವುದಿಲ್ಲ, ಉಳಿದ ನೆಲದಲ್ಲಿ ಮನೆ ಕಟ್ಟಬೇಕು ಎಂಬುದನ್ನು ಆ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕರದಂಟು ಮತ್ತು ಸಂಗಮ

ಮರುದಿನ ಹುನಗುಂದದ ದಾರಿ. ನಡುವೆ ಅಮೀನಗಡ ಸಿಕ್ಕಿತು. ಕರದಂಟಿನ ಪರಿಮಳ ಹೊತ್ತ ಅಂಗಡಿಗಳ ಮುಂದೆ ಕಾರು ನಿಲ್ಲಿಸದೆ ಹೋಗುವವರು ವಿರಳ. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ: ಬಾಣಂತಿಗೂ ಮೈಮುರಿದು ದುಡಿಯುವವನಿಗೂ ಹಿರಿಯರು ಕಂಡುಕೊಂಡ ಪುಷ್ಟಿಕರ ತಿನಿಸು. ಬಂಧುಗಳಿಗೆಂದು ಎರಡು ಪೊಟ್ಟಣ ಕೊಂಡರು. ತಾಯಿ ಒಂದು ತುಣುಕನ್ನು ಬಾಯಿಗಿಟ್ಟು ಹತ್ತು ನಿಮಿಷ ಅದನ್ನೇ ಸವಿದರು. ಪೂರ್ತಿ ಬಿಡುವೆನೆಂಬ ಶಪಥವನ್ನು ಅವರು ಮಾಡಲಿಲ್ಲ. ಅಂಥ ಶಪಥಗಳ ಆಯುಷ್ಯ ಎಷ್ಟೆಂಬುದು ಅವರಿಗೆ ಗೊತ್ತಿತ್ತು.

ಹುನಗುಂದದಿಂದ ಕೂಡಲಸಂಗಮ. ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಈ ತಾಣದಲ್ಲಿ ಬಸವಣ್ಣನವರ ವಿದ್ಯಾಭ್ಯಾಸವಾಯಿತು, ಐಕ್ಯಸ್ಥಳವೂ ಇದೇ. ಅಣೆಕಟ್ಟಿನ ನೀರು ನುಗ್ಗದಂತೆ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ದರ್ಶನಕ್ಕೆ ಮೆಟ್ಟಿಲಿಳಿದು ಹೋಗಬೇಕು. ಅಲ್ಲಿಯೂ ತಾಯಿ ಮೇಲೆಯೇ ಉಳಿದರು. ಆದರೆ ದೇಹವನ್ನೇ ದೇವಾಲಯವೆಂದು ಕಂಡ ಮಹಾನುಭಾವನ ಸನ್ನಿಧಿಯಲ್ಲಿ, ಇಳಿಯಲಾಗದ ದೇಹಕ್ಕಾಗಿ ನಾಚುವುದು ಅವರಿಗೆ ಅಂದು ಸರಿಯೆನ್ನಿಸಲಿಲ್ಲ.

ನದಿಯ ದಂಡೆಯಲ್ಲಿ ಕುಳಿತಾಗ ಹಿಂದಿನ ರಾತ್ರಿಯ ಇನ್ನೊಂದು ಮಾತು ನೆನಪಾಯಿತು. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲು ಹೊರುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯ ಮಟ್ಟಕ್ಕೆ ಮೂರರಲ್ಲೊಂದು ಪಾಲು. ನೆಲದ ಮೇಲೆ ನಡೆಯಲಾರದವರು ಎಷ್ಟೋ ಮಂದಿ ನೀರಿನಲ್ಲಿ ನೋವಿಲ್ಲದೆ ಹೆಜ್ಜೆ ಹಾಕಬಲ್ಲರು. ಇದಕ್ಕೆ ಆಳ ತಿಳಿಯದ ನದಿಯಾಗಲಿ ಪುಷ್ಕರಣಿಯಾಗಲಿ ತಕ್ಕದ್ದಲ್ಲ. ಹಿಡಿಕಂಬಿಯಿರುವ ಈಜುಕೊಳ, ಜೊತೆಗೊಬ್ಬರು ಬೇಕು. ಬೆಂಗಳೂರಿನ ಮನೆಯ ಹತ್ತಿರದ ಕೊಳದಲ್ಲಿ ಹೆಂಗಸರಿಗೆ ಬೇರೆ ಹೊತ್ತು ಉಂಟೆಂದು ಮಗಳು ಹೇಳಿದಳು. “ನಾನೂ ಬರ್ತೀನಮ್ಮ,” ಎಂದಳು. ಗುಹೆಯ ಗಣಗಳ ಮಾತು ಆಡಿದಂದಿನಿಂದ ಅವಳ ಮನಸ್ಸಿನಲ್ಲೂ ಏನೋ ಚುಚ್ಚುತ್ತಿತ್ತೆಂದು ಕಾಣುತ್ತದೆ.

ಇಳಕಲ್ಲಿನ ಮಗ್ಗ

ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್ ಈಗ ತಾನೇ ಒಂದು ತಾಲ್ಲೂಕು. ಕೆಂಪು ಗ್ರಾನೈಟ್ ಕಲ್ಲಿಗೂ ಸೀರೆಗೂ ಹೆಸರಾದ ಊರು. 2007ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಕೊಂಡಿಯಲ್ಲಿ: ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆಮೇಲೆ ತೋಪುತೆನೆಯ ಕೆಂಪು ಸೆರಗು ಮೂಡುತ್ತದೆ.

ನೇಕಾರನ ಮನೆಯೊಂದರಲ್ಲಿ ಸೀರೆ ಕೊಳ್ಳಲು ಹೋದಾಗ ಕುಣಿಮಗ್ಗ ನೋಡಲು ಸಿಕ್ಕಿತು. ನೆಲಮಟ್ಟದಲ್ಲಿ ಕುಳಿತು, ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ ಇಡೀ ದಿನ. ನೇಕಾರನಿಗೂ ಬೆನ್ನುನೋವು. ಬಿಡಲು ಬರುವಂತಿಲ್ಲ, ಅದು ಅನ್ನ. ಅದಕ್ಕೆ ಆತ ಒಂದು ಉಪಾಯ ಹೂಡಿದ್ದ: ಒಂದು ಕಂಡಿಕೆಯ ನೂಲು ತೀರಿ ಇನ್ನೊಂದನ್ನು ಲಾಳಿಗೆ ತುಂಬುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ, ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ ಮೂರು ಸಲ ಉಸಿರೆಳೆಯುವುದು. “ಒಮ್ಮಿಗೇ ತಾಸಗಟ್ಲೆ ವ್ಯಾಯಾಮ ಮಾಡಾಕ ಎಲ್ಲಿ ಆಗತೈತ್ರಿ? ಹಿಂಗ ಚೂರು ಚೂರು,” ಎಂದು ನಕ್ಕ.

ಸೀರೆಗೆ ಒಪ್ಪುವ ಕುಪ್ಪಸದ ಅಳತೆಗೆಂದು ನೇಕಾರನ ಹೆಂಡತಿ ಟೇಪು ತಂದಳು. ಅದೇ ಟೇಪಿನಲ್ಲಿ ತಾಯಿ ಮೆಲ್ಲನೆ ತಮ್ಮ ಸೊಂಟದ ಸುತ್ತನ್ನೂ ಅಳೆಸಿದರು. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಮೀರಬಾರದೆಂದು ವೈದ್ಯರು ಹೇಳುತ್ತಾರೆ. ತಕ್ಕಡಿಯ ಮೇಲೆ ನಿಲ್ಲಲಾಗದವರಿಗೂ ಈ ಅಳತೆ ಸಾಧ್ಯ. ಅಂದು ಬಂದದ್ದು 104. ಆ ಸಂಖ್ಯೆಯನ್ನು ಅವರು ಸೀರೆಯ ರಸೀತಿಯ ಹಿಂದೆ ಬರೆದುಕೊಂಡರು.

ಇಳಕಲ್ಲಿನ ವಿಜಯಮಹಾಂತೇಶ ಮಠದ ಕಥೆಯನ್ನು ಪತಿ ಹೇಳಿದ್ದು ಮರಳುವ ದಾರಿಯಲ್ಲಿ. ಅಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಹಣವನ್ನಲ್ಲ, ಧಾನ್ಯವನ್ನಲ್ಲ. ಜನರ ಕುಡಿತ, ತಂಬಾಕುಗಳಂಥ ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಕುಡಿತವೆಲ್ಲಿ, ಸಂಜೆಯ ಚಹಾದ ಎರಡು ಚಮಚ ಸಕ್ಕರೆ ಮತ್ತು ಕರಿದ ತಿಂಡಿಯೆಲ್ಲಿ! ಹೋಲಿಕೆ ದೊಡ್ಡದಾಯಿತೆಂದು ತಾಯಿಗೇ ನಗು ಬಂದಿತು. ಆದರೂ ಮನಸ್ಸಿನಲ್ಲೇ ಆ ಜೋಳಿಗೆಗೆ ಅವನ್ನು ಹಾಕಿದರು. ಬೇರೆ ಯಾರಿಗೂ ಹೇಳಲಿಲ್ಲ.

ಮತ್ತೊಂದು ಪುಷ್ಯ

ಮುಂದಿನ ವರ್ಷದ ಪುಷ್ಯಮಾಸದಲ್ಲಿ ಆ ಸಂಸಾರ ಮತ್ತೆ ಬಾದಾಮಿಗೆ ಬಂದಿತು. ತಾಯಿಯ ತೂಕ 75 ಕಿಲೋ; ಟೇಪಿನ ಲೆಕ್ಕ 96. ಮೊದಲ ಮೂರು ತಿಂಗಳಲ್ಲಿ 4 ಕಿಲೋ ಇಳಿದಿತ್ತು. ಆಮೇಲೆ ಎರಡು ತಿಂಗಳು ಒಂದು ತೊಲೆಯೂ ಕದಲಲಿಲ್ಲ. ಮೈಭಾರ ಇಳಿದಂತೆ ದೇಹಕ್ಕೆ ಬೇಕಾದ ಆಹಾರವೂ ತಗ್ಗುವುದರಿಂದ ಹೀಗಾಗುವುದು ಸಹಜವೆಂದು ನಾದಿನಿಯ ಮಗಳು ದೂರವಾಣಿಯಲ್ಲಿ ಧೈರ್ಯ ಹೇಳಿದಳು. ದೀಪಾವಳಿಯಲ್ಲಿ 1 ಕಿಲೋ ಮರಳಿ ಬಂದು, ಮತ್ತೆ ಹೋಯಿತು. ನೋವು ಪೂರ್ತಿ ಹೋಗಿರಲಿಲ್ಲ. ರಾತ್ರಿ ನಿದ್ದೆ ಬರುವಷ್ಟು ತಗ್ಗಿತ್ತು. ಮನೆಯವರೆಲ್ಲರ ತಟ್ಟೆಯೂ ಬದಲಾಗಿತ್ತು. ಒಬ್ಬರ ಪಥ್ಯ ನಿಲ್ಲುವುದು ಮನೆಯವರೆಲ್ಲರ ಸಹಕಾರದ ಮೇಲೆ. ಉಳಿದವರು ಎದುರಿಗೆ ಬೋಂಡಾ ಮೆಲ್ಲುತ್ತ ಉಪದೇಶ ಮಾಡಿದರೆ ಯಾವ ಪಥ್ಯವೂ ನಿಲ್ಲದು.

ಅಂದು ಅವರು ಮೆಟ್ಟಿಲ ಬುಡದಲ್ಲಿ ಕುಳಿತುಕೊಳ್ಳಲಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಮಗಳ ಭುಜದ ಮೇಲೆ. ಮೂರು ಸಲ ನಿಂತು ಉಸಿರು ತೆಗೆದುಕೊಂಡು ಮೊದಲನೆಯ ಗುಹೆಯವರೆಗೆ ಬಂದರು. ಮುಂದಿನ ಮೂರು ಗುಹೆಗಳ ಆಸೆಯನ್ನು ಅವರು ಮಾಡಲಿಲ್ಲ. ಮಾಡುವುದು ವಿವೇಕವೂ ಆಗಿರಲಿಲ್ಲ.

ಜಗತಿಯ ಗಣಗಳನ್ನು ಬಾಗಿ ನೋಡಿದರು. ಅದೇ ಗುಂಡು ಹೊಟ್ಟೆ, ಅದೇ ಮೋಟು ಕಾಲು. ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಶಿಲ್ಪಿ ಅವರಲ್ಲಿ ಯಾರನ್ನೂ ಸುಮ್ಮನೆ ಕೂರಿಸಿಲ್ಲ. ಒಬ್ಬ ಕುಣಿಯುತ್ತಾನೆ, ಒಬ್ಬ ಕೈ ಎತ್ತಿದ್ದಾನೆ, ಒಬ್ಬ ಕುಳಿತಲ್ಲೇ ತಾಳ ಹಾಕುವಂತಿದ್ದಾನೆ. ಅವರ ಮೇಲೆಯೇ ದೇವರ ನೆಲಗಟ್ಟು ನಿಂತಿದೆ.

“ನಿಜ ಕಣೇ,” ಎಂದರು ತಾಯಿ, ಮಗಳ ಕಡೆ ತಿರುಗಿ. “ಮುದ್ದಾಗಿದ್ದಾರೆ.”

ಮಗಳು ತಾಯಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕೆಳಗೆ, ಮೆಟ್ಟಿಲ ಬುಡದ ನೆರಳಿನಲ್ಲಿ, ಈ ಸಲ ಚೀಲ ಕಾಯುವ ಸರದಿ ತಂದೆಯದಾಗಿತ್ತು.